ಚಮಚದಿಂದ ಮುಳ್ಳು ತೆಗೆದದ್ದು

ವಾದಿ ಕಬೀರಿನ ಗ್ಯಾರೇಜು ಸಾಲಿನಲ್ಲಿ
ಶುಕ್ರವಾರ ಶಟರು ಅರ್ಧ ಇಳಿದಿರುತ್ತದೆ.
ಒಳಗೆ ನಾನು, ಒಂದು ಟೇಬಲ್ ಫ್ಯಾನು,
ಎದುರಿಗೆ ನನ್ನ ಬೈಕು, ಹೆಡ್‌ಲೈಟು ಕಳಚಿ
ವೈರುಗಳನ್ನು ಎದೆಯ ಮೇಲೆ ಹರವಿಕೊಂಡು
ಕಣ್ಣಿನ ಆಪರೇಷನ್ನಿಗೆ ಕೂತವರ ಹಾಗೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ.
ಸುಳ್ಳು. ಮೀಟರಿನ ಮುಳ್ಳಿಗೆ ಎರಡು ಚಮಚ ಬೇಕು,
ಚಹಾದ ಚಮಚ. ಬುಡದ ಎರಡೂ ಪಕ್ಕ ಜಾರಿಸಿ
ಉಸಿರು ಹಿಡಿದು ಸಮನಾಗಿ ಅಮುಕಬೇಕು.
ಒಂದು ಕೈ ಜೋರಾದರೆ ದಾರದಂಥ ದಂಡ ಬಾಗಿ
ಆಮೇಲೆ ಜೀವಮಾನವಿಡೀ
ನಲವತ್ತಕ್ಕೆ ಐವತ್ತೆಂದು ಬೊಗಳುತ್ತದೆ.

ಟಕ್.
ಅಂಗೈಯಲ್ಲಿ ಅದಕ್ಕೆ ತೂಕವೇ ಇಲ್ಲ.

ಕೀಳುವ ಮೊದಲು ಒಂದು ಗುರುತು ಮಾಡಿಕೊಂಡಿದ್ದೆ.
ಮುಳ್ಳು ತಾನಾಗಿ ಸೊನ್ನೆಯ ಮೇಲೆ ನಿಲ್ಲುವುದಿಲ್ಲ,
ಅಲ್ಲೊಂದು ಚಿಕ್ಕ ಗೂಟ ತಡೆದಿರುತ್ತದೆ.
ಗೂಟ ದಾಟಿಸಿ ಬಿಟ್ಟರೆ
ಸೊನ್ನೆಗಿಂತ ಕೆಳಗಿಳಿದು, ಎರಡು ಸಲ ತೂಗಿ,
ಅಲ್ಲಿ ಮಲಗುತ್ತದೆ. ಅದರ ಮನೆ ಅದು.
ಕಂಪನಿಯವರು ಎತ್ತಿ ಗೂಟಕ್ಕೆ ಆನಿಸಿ
ಸೊನ್ನೆ ಅಂದರೆ ಇದು ಅಂದಿದ್ದಾರೆ, ಅಷ್ಟೆ.
ಪಗಾರ ನಿಂತ ಆ ಮೂರು ತಿಂಗಳು
ಆ ಕೆಳಗಿನ ಜಾಗದಲ್ಲಿ ನಾನೂ ಇದ್ದೆ;
ಮಲಗಲು ಆಗುತ್ತಿರಲಿಲ್ಲ.

ಹೊಸ ಮುಖ ಕಾಗದದಷ್ಟು ತೆಳು,
ಕರೆಂಟು ತಾಗಿದರೆ ಇಡೀ ಮೈ ಬೆಳಗುವ ಹಾಳೆ.
ರುವಿಯ ಬೋರ್ಡಿನಂಗಡಿಯ ಸಜೀಶ
ಅಂಕಿಗಳನ್ನು ಪರದೆಯ ಮೇಲೆ ಹಿಗ್ಗಿಸಿ ಕೇಳಿದ:
'ಇದು ನಂಬರೋ, ಬಳ್ಳಿಯೋ?'
ನಂಬರು ಮಾರಾಯ, ಕನ್ನಡದ್ದು.
೦, ೨೦, ೪೦, ೬೦, ೮೦, ೧೦೦, ೧೨೦.
ಏಳಕ್ಕೂ ಒಂಬತ್ತಕ್ಕೂ ಇದರಲ್ಲಿ ಕೆಲಸವಿಲ್ಲ.
ನಾಲ್ಕು ಬರೆಯುವಾಗ ಮಾತ್ರ ನನಗೇ ಅನುಮಾನ ಬಂದು
ಮಂಕಿಗೆ ಫೋನು ಮಾಡಿದೆ. ತಂಗಿ ನಕ್ಕಳು:
'ರಿಬ್ಬನ್ನಿನ ಗಂಟು ಕಣೋ, ತುದಿ ಎರಡೂ ಮೇಲೆ.
ತಡಿ, ಬಸ್ಸು ಬರ್ತಿದೆ, ಅದರ ಹಣೆ ನೋಡಿ ಹೇಳ್ತೇನೆ.'

ಮುಖ ಬದಲಾಯಿತು, ನಡುವಿನ ಕಿಟಕಿ ಇಲ್ಲ.
ತೊಂಬತ್ತೊಂದು ಸಾವಿರದ ನಾನೂರ ಆರು ಕಿಲೋಮೀಟರ್.
ಅದರಲ್ಲಿ ನನ್ನದು ಎಂಟು ಸಾವಿರ ಇದ್ದೀತು.
ಮಿಕ್ಕಿದ್ದು ಸಿಲ್ಹೆಟ್ಟಿನ ಮುತ್ತಾಲಿಬನದು,
ಅಲ್ ಖುವೈರಿನ ಮಹಡಿ ಮಹಡಿಗೆ
ಬಿಸಿ ಆರದ ಹಾಗೆ ಇನ್ನೊಬ್ಬರ ಊಟ ಹೊತ್ತದ್ದು.
ಆ ಅಂಕಿಗಳಿಗೆ ಕನ್ನಡ ಕಲಿಸಲು ಹೋಗಲಿಲ್ಲ.

ಗುರುತನ್ನು ಹೊಸ ಮುಖಕ್ಕೆ ಪೆನ್ಸಿಲಿನಲ್ಲಿ ದಾಟಿಸಿ
ಮುಳ್ಳನ್ನು ಅದರ ಮನೆಯಲ್ಲಿ ಒತ್ತಿ ಕೂರಿಸಿ
ಆಮೇಲೆ ಎತ್ತಿ, ಗೂಟ ದಾಟಿಸಿ, ಕೆಲಸಕ್ಕೆ ಹಚ್ಚಿದೆ.
ಸೀಟಿನಡಿ ಇನ್ವರ್ಟರು ಸೊಳ್ಳೆಯ ರಾಗ ಹಿಡಿಯಿತು.
ಬೆಳಕು ಬಂತು ನೋಡು,
ಅಮಾವಾಸ್ಯೆಗೆ ಹುಟ್ಟು ತಾಗಿದಲ್ಲಿ
ಕಡಲು ಉರಿಯುತ್ತದಲ್ಲ, ಆ ನೀಲಿ.

ಆ ರಾತ್ರಿಯೇ ಅಮರಾತಿನ ಏರಿನಲ್ಲಿ ಪೊಲೀಸು ಕೈ ಅಡ್ಡ ಹಿಡಿದ.
ಕಾಗದ ನೋಡಿದ. ಮೀಟರು ನೋಡಿದ.
ಬಗ್ಗಿ, ಮೊದಲ ಅಂಕಿಯ ಮೇಲೆ ಬೆರಳಿಟ್ಟ.
'ನಿಂತ ಗಾಡಿ, ಐದರಲ್ಲಿ ಹೋಗ್ತಾ ಇದೆಯಲ್ಲ?'
ಅವರ ಐದಕ್ಕೂ ನಮ್ಮ ಸೊನ್ನೆಗೂ ಒಂದೇ ಮೈ.
ನೂರರ ಒಂದನ್ನು ಗೊತ್ತಿಲ್ಲವೆಂದು ಬಿಟ್ಟು
ಮಿಕ್ಕಿದ್ದನ್ನು ಐವತ್ತೈದೆಂದು ಓದಿದ.
'ನಿಮ್ಮ ಐದು ಎಲ್ಲಿ ಹಾಗಾದರೆ?'
ಹುಡುಕಿದೆ. ನನ್ನ ಮುಖದಲ್ಲಿ ಐದಿಲ್ಲ, ಸಾಹೇಬ್.
ಅವನು ಅಂಗೈಯಲ್ಲಿ ಪೆನ್ನು ಊರಿ ತೋರಿಸಿದ,
ಒಂದು ಚುಕ್ಕೆ, ನೊಣದ ಕಾಲಿನಷ್ಟು:
ಇದು ಸೊನ್ನೆ.

'ಹೋಗು,' ಅಂದ. 'ನಿಧಾನ. ಐದರಲ್ಲೇ ಹೋಗು.'

ನನ್ನ ಲೆಕ್ಕದಲ್ಲಿ ಅದು ನಿಂತಿರು ಅಂದ ಹಾಗೆ.
ಹಿಂದಿನ ಟ್ಯಾಂಕರು ಹಾರ್ನು ಒತ್ತಿತು, ಕ್ಲಚ್ಚು ಬಿಟ್ಟೆ.
ರಿಬ್ಬನ್ನಿನ ಗಂಟು ದಾಟಿ ಮುಳ್ಳು ಏರುತ್ತಿತ್ತು.
ಅದು ಬಿಟ್ಟುಹೋದ ಮೂಲೆಯಲ್ಲಿ, ಗೂಟದ ಕೆಳಗೆ,
ಅಷ್ಟೆಲ್ಲ ಬೆಳಕಿನ ನಡುವೆ ಕಪ್ಪಗೆ
ಉಜ್ಜಲು ಮರೆತ ಪೆನ್ಸಿಲ್ ಗೀಟು.