ಸ್ವಲ್ಪ, ಬಹಳ, ಆಗೋದೇ ಇಲ್ಲ

ಶಹಾಬಾದಿನ ಹಳೇ ಖಣಿ ದಾಟಿದರೆ ಹದಿನೇಳು ಮನೆ.
ಗೋಡೆ ಫರಸಿ, ನೆಲ ಫರಸಿ,
ನನಗೆ ಕೂಡಲು ಹಾಕಿದ್ದೂ ಫರಸಿ.
ಹೋದ ಗಣತಿಗೆ ಕೇಳಿದ್ದು ಒಂದೇ ಮಾತು:
"ಮನ್ಯಾಗ ಅಂಗವಿಕಲರು ಅದಾರೇನ್ರಿ?"
"ಅಂಥೋರು ಯಾರೂ ಇಲ್ರೀ ಟೀಚರ್, ದೇವರು ಚಲೋ ಇಟ್ಟಾನ."
ಹದಿನೇಳು ಮನೆ, ಹದಿನೇಳು ಸೊನ್ನೆ.
ಸೊನ್ನೆ ಬರೆದರೆ ಕೈ ನೋಯುವುದಿಲ್ಲ.

ಈ ಸಲ ಹಾಳೆ ಬೇರೆ.
ಆ ಶಬ್ದ ಬಾಯಿಗೆ ತರಬೇಡಿ ಅಂದಿದ್ದರು ಕಲಬುರಗಿಯ ತರಬೇತಿಯಲ್ಲಿ.
ನಡೆಯಲು ತ್ರಾಸ ಇದೆಯೆ, ಕೇಳಲು,
ಚಷ್ಮಾ ಹಾಕಿಯೂ ನೋಡಲು?
ಉತ್ತರಕ್ಕೆ ನಾಲ್ಕು ಚೌಕ:
ಇಲ್ಲ, ಸ್ವಲ್ಪ, ಬಹಳ, ಆಗೋದೇ ಇಲ್ಲ.

ನೂರಂದಮ್ಮ ಕೌದಿಯಿಂದ ತಲೆ ಎತ್ತಲಿಲ್ಲ.
"ಸೂಜಿಗಿ ದಾರ ಮೊಮ್ಮಗಳು ಪೋಣಸ್ತಾಳ.
ಅಕಿ ಸಾಲಿಗಿ ಹೋದ ದಿನ ಬಹಳ ಅಂತ ಬರಕೋ,
ಇವತ್ತ ಮನ್ಯಾಗದಾಳ, ಸ್ವಲ್ಪ."
ಸ್ವಲ್ಪಕ್ಕೆ ಗೀಟು ಹಾಕಿದೆ.

ಲಾಡ್ಲೆಸಾಬನನ್ನು ಮೂರು ಸಲ ಕೂಗಬೇಕಾಯಿತು.
ಇಪ್ಪತ್ತೆರಡು ವರ್ಷ ಮದ್ದು ಸಿಡಿಸಿದ ಕಿವಿ.
"ಏನ್ ತ್ರಾಸ? ಖಣಿಯಾಗ ಎಲ್ಲಾರೂ ಒದರೇ ಮಾತಾಡ್ತಾರ."
ಅವನ ಬೆನ್ನ ಹಿಂದೆ ನಿಂತು ಹೆಂಡತಿ
ಬಹಳದ ಮೇಲೆ ಬೆರಳಿಟ್ಟಳು.
ಬೆರಳಿನದೇ ಬರೆದೆ. ಸರಿಯೋ ತಪ್ಪೋ.

ಕೊನೆಯಲ್ಲಿ ಚಂದ್ರಶಾ. ಕಲ್ಲಿನ ಚೂರು ಎರಡೂ ಕಣ್ಣು ತಿಂದಿದೆ.
ಸುತ್ತಿಗೆಯ ಹಿಡಿಯಿಂದ ಒಟ್ಟಿದ ಫರಸಿಗೆ ಬಡಿದು
ಇದು ಗಟ್ಟಿ, ಇದು ಸೀಳ್ಯಾದ ಎಂದು
ಲಾರಿಯವನಿಗೆ ಆರಿಸಿ ಕೊಡುತ್ತಿದ್ದ.
ನನಗೆ ಎರಡೂ ಒಂದೇ ಸದ್ದು.
"ನೋಡಲು?"
"ಆಗೋದೇ ಇಲ್ಲ."
"ನಡೆಯಲು?"
ಹಿಡಿ ನಿಂತಿತು.
"ಎಲ್ಲಿಗಿ ನಡೀಲಾಕ್ರೀ?
ಇಲ್ಲಿಂದ ಖಣಿತನಕಾ ಇಲ್ಲ ಬರೀರಿ.
ತಹಸೀಲ ಆಫೀಸಿಗಿ ಬಹಳ.
ಅಲ್ಲಿ ಮೆಟ್ಟಲ ಒಂದೊಂದು ಒಂದೊಂದು ಎತ್ತರ.
ಕಲ್ಲು ನಮ್ದೇ, ಕೂಡಿಸಿದಾವ ಬ್ಯಾರೆ."
ಹಾಳೆಯ ತುಂಬ ಹುಡುಕಿದೆ.
ಮೆಟ್ಟಿಲಿಗೆ ಒಂದು ಚೌಕವೂ ಇರಲಿಲ್ಲ.

ಸಂಜೆ ಕೂಡಿಸಿದರೆ ಹತ್ತೊಂಬತ್ತು ಮಂದಿ.
ಫೋನಿನಲ್ಲಿ ಸುಪರವೈಸರು ಗಾಬರಿ:
"ಸೊನ್ನೆ ಇದ್ದದ್ದು ಹತ್ತೊಂಬತ್ತು ಹೆಂಗಾತ್ರಿ? ಅಲ್ಲೇನ್ ಬಂತು?"
ಪ್ರಶ್ನೆ ಬಂತು ಸರ್, ಅಂದೆ.
ಅತ್ತ ಪುಟ ತಿರುವಿದ ಸದ್ದು.
"ನಿಯಮ ನೋಡ್ರಿ. ಸ್ವಲ್ಪ ಅಂದವರನ್ನ ಹಿಡಿಯಂಗಿಲ್ಲ.
ಬಹಳದಿಂದ ಮ್ಯಾಲ ಅಷ್ಟೇ."

ಹನ್ನೆರಡು ಹೆಸರು ಹೊಡೆದೆ.
ಏಳು ಉಳಿಯಿತು. ನೂರಂದಮ್ಮ ಹೊರಗೆ.

ನಾನು ಹೋದದ್ದು ರವಿವಾರ.
ನನಗೂ ಅವತ್ತೇ ಸೂಟಿ.