ಮಂಜುಗಡ್ಡೆಯ ಪೆಟ್ಟಿಗೆ

ಹುಫೂಫಿನ ಆಚೆ, ಹಳದಿ ಕೆರೆಯ ದಂಡೆಯಲ್ಲಿ
ಬಾಬಿಕರನ ಒಂಟೆಗೆ ನೆಗಡಿ.

ನಗಬೇಡಿ.
ಅಷ್ಟೆತ್ತರದ ಜೀವ ಸೀನಿದರೆ
ಮರಳಿನ ಮೇಲೆ ತುಂತುರು ಬೀಳುತ್ತದೆ.
ಆ ತುಂತುರಲ್ಲಿ ಏನಿದೆ ಎಂದು ನೋಡುವುದಕ್ಕೇ
ನನಗೆ ಸಂಬಳ.

ಉದ್ದ ಕಡ್ಡಿ, ತುದಿಗೆ ಹತ್ತಿ.
‘ಶಹ್ಲಾ, ಶಹ್ಲಾ’ ಎನ್ನುತ್ತ ಬಾಬಿಕರ್
ಅವಳ ಕೆಳತುಟಿ ಹಿಡಿದು ನಿಲ್ಲುತ್ತಾನೆ,
ನಾನು ಹೊಳ್ಳೆಯೊಳಗೆ ಕಡ್ಡಿ ತಿರುಗಿಸುತ್ತೇನೆ, ಐದು ಸುತ್ತು.
ಅವಳು ನನ್ನನ್ನು ನೋಡುತ್ತಾಳೆ
ಸಾಲ ಕೇಳಲು ಬಂದವನನ್ನು ನೋಡುವ ಹಾಗೆ.

ಸಾಗರದ ಕಾಡಲ್ಲಿ ನನ್ನ ಕೆಲಸ ಬೇರೆ ಇತ್ತು:
ಒಂದು ಗಜ ಬಿಳಿ ಫ್ಲಾನೆಲ್ಲು, ಎರಡು ತುಂಡು ಹಗ್ಗ,
ದರಕಿನ ಮೇಲೆ ಎಳೆಯುತ್ತ ಹೋಗುವುದು,
ಅಂಟಿದ ಉಣುಗುಗಳನ್ನು ಚಿಮಟದಲ್ಲಿ ಹೆಕ್ಕಿ
ಸೀಸೆಗೆ ಹಾಕಿ ಊರ ಹೆಸರು ಬರೆಯುವುದು.
ಮಂಗ ಬಿದ್ದ ವಾರಕ್ಕೆ
ಸೌದೆಗೆ ಹೋದವಳು ಹಾಸಿಗೆ ಹಿಡಿಯುತ್ತಿದ್ದಳು.
ಮರ ಕಡಿಸಿದವರ ಹೆಸರು ಮಾತ್ರ
ಯಾವ ಸೀಸೆಯ ಮೇಲೂ ಇರುತ್ತಿರಲಿಲ್ಲ.

‘ನಿಮ್ಮ ಕಾಡಿನ ಜ್ವರಕ್ಕೆ ಇಲ್ಲೂ ಒಬ್ಬ ದಾಯಾದಿ ಇದ್ದಾನೆ,
ಜಿದ್ದಾ ಕಡೆ’ ಅಂದಿದ್ದರು ಡಾಕ್ಟರ್ ಮುನೀರಾ, ಮೊದಲ ದಿನವೇ.
ವೀಸಾ ಯಾರು ಕೊಟ್ಟರು ಅಂದೆ.
ನಕ್ಕರು. ಯಾವ ಹಕ್ಕಿಯ ಪುಕ್ಕದಲ್ಲೋ
ಯಾವ ಕುರಿಯ ಕಿವಿಯಲ್ಲೋ,
ಕಂಡವರು ಯಾರು.

ಕೆರೆ ಅಂದೆನಲ್ಲ, ಅದು ಮಳೆಯ ಕೆರೆಯಲ್ಲ.
ಲಕ್ಷಗಟ್ಟಲೆ ಖರ್ಜೂರದ ಮರಗಳು ಕುಡಿದು ಬಿಟ್ಟ ನೀರು,
ಗೊಬ್ಬರ, ಔಷಧ, ಊರಿನ ಕೊಳೆ ತೊಳೆದ ನೀರು
ಕಾಲುವೆ ಹಿಡಿದು ಬಂದು ಮರಳಲ್ಲಿ ನಿಂತದ್ದು.
ಆದರೂ ಜೊಂಡು ಬೆಳೆದಿದೆ.
ಆದರೂ ಚಳಿಗಾಲಕ್ಕೆ ಎಲ್ಲಿಂದಲೋ ಬಾತುಗಳು ಇಳಿಯುತ್ತವೆ,
ಕರೆದವರಿಲ್ಲದಿದ್ದರೂ, ನನ್ನ ಹಾಗೆ.
ಶಹ್ಲಾ ಅದನ್ನೇ ಕುಡಿಯುತ್ತಾಳೆ.
ಬಾಬಿಕರ್ ಅವಳ ಹಾಲು ಕುಡಿಯುತ್ತಾನೆ,
ಕಾಯಿಸದೆ, ನೊರೆ ಸಮೇತ;
ನನಗೂ ಒಂದು ಬಟ್ಟಲು ಚಾಚುತ್ತಾನೆ.
ಬೇಡ ಅನ್ನುವುದನ್ನು ಅರಬ್ಬಿಯಲ್ಲಿ ನಾಲ್ಕು ಬಗೆ ಕಲಿತಿದ್ದೇನೆ,
ನಾಲ್ಕಕ್ಕೂ ಅವನ ಮುಖ ಚಿಕ್ಕದಾಗುತ್ತದೆ.

ಕೆರೆಯ ನೀರನ್ನು ಅಳೆಯುವ ಕಚೇರಿ ಬೇರೆ,
ಒಂಟೆಯದು ಬೇರೆ, ಬಾಬಿಕರನದು ಬೇರೆ.
ಒಂದರ ಬಾಗಿಲು ತೆರೆದಾಗ
ಇನ್ನೊಂದರಲ್ಲಿ ಊಟದ ಹೊತ್ತು.

ಈ ಮಂಗಳವಾರ ಹೋದಾಗ
ತಗಡಿನ ಗೂಡಿನೊಳಗೆ, ಆ ಬೇಗೆಯಲ್ಲಿ
ಮೂರು ಕಂಬಳಿ ಹೊದ್ದು ಅವನು ನಡುಗುತ್ತಿದ್ದ.
ಬಾಗಿಲಲ್ಲಿ ಅವಳ ಕತ್ತು,
ಒಳಗೆ ಚಾಚಿ ಅವನ ಪಾದ ಮೂಸುತ್ತಿತ್ತು.
‘ಯಜಮಾನನಿಗೆ ಹೇಳಬೇಡ,’ ಅಂದ,
‘ಇವಳನ್ನು ಒಯ್ದುಬಿಡುತ್ತಾರೆ.’
ತನ್ನನ್ನು ಒಯ್ಯುವರೆಂಬುದು
ಅವನ ಲೆಕ್ಕದಲ್ಲೇ ಇರಲಿಲ್ಲ.

ನಾನು ಹೇಳಿದೆ. ಹೇಳದೆ ವಿಧಿಯಿರಲಿಲ್ಲ.

ಆಂಬುಲೆನ್ಸಿನ ನರ್ಸು ಅವನ ಗಂಟಲಿಗೆ ಹಾಕಿದ ಕಡ್ಡಿ
ಅವಳದಕ್ಕಿಂತ ಗಿಡ್ಡ, ಹತ್ತಿ ಅದೇ ಹತ್ತಿ.
ನರ್ಸಿನ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗಿ ನೀರಾಗಿತ್ತು.
ನನ್ನದರಲ್ಲೇ ಇಟ್ಟೆವು, ನಿಯಮದಲ್ಲಿಲ್ಲ:
ಶಹ್ಲಾಳ ಮೂಗು, ಬಾಬಿಕರನ ಗಂಟಲು,
ಬೆಳಿಗ್ಗೆ ತುಂಬಿಸಿಕೊಂಡ ಕೆರೆಯ ನೀರಿನ ಸೀಸೆ,
ಒಂದೇ ಮಂಜಿನ ಮೇಲೆ ಒಂದಕ್ಕೊಂದು ತಾಗಿ
ಗಾಜಿನ ಬಳೆಯ ಹಾಗೆ ಕಿಣಿಕಿಣಿ ಅಂದವು.

ಅವನು ಹೋದ. ಧೂಳು ಕೂತಿತು.
ಅವಳಿಗೆ ನೀರು ಕೊಡುವವರು ಯಾರೂ ಇರಲಿಲ್ಲ.
ಜೀಪಿನಲ್ಲಿದ್ದ ಕ್ಯಾನು ಬಾನಿಗೆ ಸುರಿದೆ,
ಸಮುದ್ರದ ಉಪ್ಪು ಹಿಂಡಿ ತೆಗೆದ, ನನ್ನ ಕುಡಿಯುವ ನೀರು.
ಪೂರ್ತಿ ಕುಡಿದಳು. ತಲೆಯೆತ್ತಿ
ನನ್ನ ತೋಳಿನ ಮೇಲೆ ಒಮ್ಮೆ ಸೀನಿದಳು.

ಜೇಬಲ್ಲಿ ಕರವಸ್ತ್ರ ಇತ್ತು, ಬಿಳಿಯದು.
ಒರೆಸಿಕೊಂಡೆ.
ಏನೇನು ಅಂಟಿಕೊಂಡಿತೋ.