ಅಂಟು

ಗಂಗಾವತಿಯ ರದ್ದಿ ಅಂಗಡಿಯಲ್ಲಿ
ಕಿಲೋ ಲೆಕ್ಕಕ್ಕೆ ತಂದ ದಪ್ಪ ಪುಸ್ತಕ, ಬೆನ್ನು ಮುರಿದದ್ದು.
ಲೋಕದ ಅಲಂಕಾರವೆಲ್ಲ ಅದರಲ್ಲಿದೆಯಂತೆ.
ಕಿನ್ನಾಳದ ಪಡಸಾಲೆಯಲ್ಲಿ ಕೂತು
ಸಾವಂತ್ರವ್ವನಿಗೆ ಓದಿ ಹೇಳುತ್ತೇನೆ.
ಡ್ರಾಯಿಂಗ್ ಮಾಸ್ತರ ನಾನು, ರವಿವಾರ ಬೇರೆ ಕೆಲಸವಿಲ್ಲ.

ಆಕೆ ಹುಣಸಿಬೀಜ ಅರೆಯುತ್ತಾಳೆ.
ನೆನೆದು ಸಿಪ್ಪೆ ಬಿಟ್ಟ ಬೀಜ, ಒಳಕಲ್ಲು, ಗುಂಡುಕಲ್ಲು,
ಮೊಣಕೈವರೆಗೆ ಬೂದಿಬಿಳುಪು.

ಸ್ಪೇನಿನ ಇಗರ್ಜಿಯ ಮರದ ಸಂತ,
ಮೈತುಂಬ ಬಂಗಾರದ ರೇಕು.
ಆಕೆ ಬಂಗಾರ ನೋಡಲಿಲ್ಲ.
‘ಅಂಟು ಯಾವುದು?’

ಪುಸ್ತಕ ಹೇಳುವುದಿಲ್ಲ. ಶತಮಾನ ಹೇಳುತ್ತದೆ,
ದೊರೆಯ ಹೆಸರು, ಎತ್ತರ, ಅಗಲ.
ಕೊನೆಯ ಪುಟಗಳ ಇರುವೆ ಅಕ್ಷರದಲ್ಲಿ ತಡಕಿ ತೆಗೆದೆ:
ಮೊಲದ ತೊಗಲು ಕುದಿಸಿದ ಗೋಂದು.
‘ಪಾಪ, ಮೊಲ’ ಎಂದಳು,
ಮತ್ತೊಂದು ಹಿಡಿ ಬೀಜ ಸುರುವಿದಳು.

ಜಪಾನಿನ ಗೊಂಬೆ. ಮುಖದ ಬಿಳುಪಿಗೆ ಸಿಂಪಿಯ ಪುಡಿ.
‘ಅವರಿಗೆ ಸಮುದ್ರ ಐತಿ. ನಮಗ ಹಳ್ಳದ ಬೆಣಚುಕಲ್ಲು.’

ಆಮೇಲೆ ಈಜಿಪ್ಟಿನ ಹೆಣದ ಮುಖವಾಡ.
ಹಳೆಯ ನಾರುಬಟ್ಟೆ, ಪದರದ ಮೇಲೆ ಪದರ,
ಮೇಲೆ ಸುಣ್ಣದ ಲೇಪ, ಅದರ ಮೇಲೆ ಕಣ್ಣು.
ಗುಂಡುಕಲ್ಲು ನಿಂತಿತು.
‘ಹಳೇ ಅರಿವಿ ಹರದು?’
‘ಹೌದು.’
‘ಒಂದರ ಮ್ಯಾಲ ಒಂದು?’
‘ಹೌದವ್ವ.’
ಮೂಲೆಯಲ್ಲಿ ಅರೆಬರೆ ಗರುಡ; ಅದರ ಹೆಗಲಿಗೆ
ಹೋದ ಗಂಡನ ಧೋತರದ ತುಂಡು ಒಣಗುತ್ತಿದೆ.
‘ಹಂಗಾರ ನಮ್ಮ ಮಂದೀನ’ ಎಂದಳು,
ಮುರಿದುಹೋದ ಬೀಗತನದ ಗುರುತು ಸಿಕ್ಕವಳಂತೆ.

ತುಸು ಬಿಟ್ಟು ಕೇಳಿದಳು:
‘ವಾಸನಿ ಬರದಾರೇನು?
ಮೂರನೇ ದಿನ ನಾರತೈತಿ ಇದು.
ಸೊಸಿಯಾಗಿ ಬಂದಾಗ ಮೂಗಿಗೆ ಸೆರಗು ಹಿಡದಿದ್ದೆ;
ವರ್ಷ ತುಂಬೂದ್ರಾಗ ಸೆರಗ ನಾರತಿತ್ತು.’
ಇಲ್ಲ ಸಾವಂತ್ರವ್ವ, ಚಿತ್ರ ನುಣುಪು ಕಾಗದದ್ದು,
ಅರಮನೆಯ ಪುಟಕ್ಕೂ ವಾಸನೆಯಿಲ್ಲ.

‘ಬೆನ್ನು ಮುರದೈತಿ, ಇಟ್ಟು ಹೋಗ್ರಿ.’

ಬುಧವಾರ ಮರಳಿ ಬಂತು,
ಬೆನ್ನುದ್ದಕ್ಕೂ ಸೆಣಬಿನ ಪಟ್ಟಿ.
‘ಮೈಲುತುತ್ತ ಹಾಕೀನಿ, ಹುಳ ಹತ್ತಂಗಿಲ್ಲ.’
ಎಲ್ಲೋ ಅಂಟು ಹೆಚ್ಚಾಗಿ
ಈಜಿಪ್ಟು ಜಪಾನಿಗೆ ಕಚ್ಚಿಕೊಂಡಿದೆ.
ಚಾಕು ತಂದೆ. ತಿರುಗಿ ಇಟ್ಟೆ.
ದೀಪಕ್ಕೆ ಹಿಡಿದರೆ ಗೊಂಬೆಯ ಬಿಳಿ ಕೆನ್ನೆಯೊಳಗೆ
ಇನ್ನೊಂದು ಕಣ್ಣು, ಮಸುಕಾಗಿ.

ಈ ಶ್ರಾವಣದಲ್ಲಿ ತೆರೆದೆ.
ನಾರುತ್ತಿತ್ತು.